ನಾಲ್ಕು ಜನದ ಆಟವನ್ನು ಇಬ್ಬರು ಆಡೋದು ಹೇಗೆ?

ಗಲ್ಲಿ ಕ್ರಿಕೆಟ್ ಆಡಿದ ಎಲ್ಲರಿಗೂ ಗೊತ್ತಿರೋ ವಿಷಯದಿಂದ ಶುರು ಮಾಡ್ತೀನಿ. ಎರಡು ಟೀಮ್‌ಗೆ ಆಗೋವಷ್ಟು ಜನ ಯಾವತ್ತೂ ಸಿಗಲ್ಲ. ಐದೇ ಜನ ಬಂದ್ರೆ ಏನು ಮಾಡ್ತೀವಿ? ಒಬ್ಬ ಎರಡೂ ಕಡೆ ಬ್ಯಾಟ್ ಮಾಡ್ತಾನೆ, ಅವನು ಜೋಕರ್. ಕೀಪರ್ ಕಾಮನ್. ಆಫ್ ಸೈಡ್ ಹೊಡೆದರೆ ಮಾತ್ರ ರನ್, ಯಾಕಂದ್ರೆ ಲೆಗ್ ಸೈಡ್‌ನಲ್ಲಿ ಫೀಲ್ಡರ್ ಇಲ್ಲ. ಒಂದು ಪಿಚ್ ಬಿದ್ದ ಮೇಲೆ ಒಂದೇ ಕೈಯಲ್ಲಿ ಹಿಡಿದರೂ ಔಟ್. ಇದನ್ನು ಯಾರೂ ನಮಗೆ ಕೂತು ಕಲಿಸಿಲ್ಲ. ಜನ ಕಮ್ಮಿ ಆದಾಗ ಏನೇನು ಕಮ್ಮಿ ಆಯ್ತು ಅಂತ ನೋಡಿ, ಒಂದೊಂದಕ್ಕೂ ಒಂದೊಂದು ರೂಲ್ ಹಾಕಿಕೊಂಡ್ವಿ, ಅಷ್ಟೇ.

ಕಳೆದ ಸೆಮಿಸ್ಟರ್‌ನಲ್ಲಿ ನಾನು ಇದೇ ಕೆಲಸವನ್ನು ಬೇರೆ ಒಂದು ಆಟಕ್ಕೆ ಮಾಡಬೇಕಾಯ್ತು. ಆಟದ ಹೆಸರು ಡಂಜನ್ಸ್ ಅಂಡ್ ಡ್ರಾಗನ್ಸ್, ಚಿಕ್ಕದಾಗಿ ಡಿ ಅಂಡ್ ಡಿ. ಅದನ್ನು ಎಷ್ಟು ಜನ ಬಿಟ್ಟರೂ ಆಡಬಹುದು, ಆದರೆ ಎಲ್ಲಿ ಏನು ಬದಲಾಯಿಸಬೇಕು ಅಂತ ಗೊತ್ತಿರಬೇಕು. ನಾನು ಅದನ್ನು ಕಲಿತಿದ್ದು ಸ್ವಲ್ಪ ಕೆಟ್ಟ ರೀತಿಯಲ್ಲಿ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು

ಡಿ ಅಂಡ್ ಡಿ ಅಂದ್ರೆ ಮೇಜಿನ ಸುತ್ತ ಕೂತು ಮಾತಲ್ಲೇ ಆಡೋ ಕಥೆ. ಒಬ್ಬ ಡಂಜನ್ ಮಾಸ್ಟರ್, ಅಂದ್ರೆ ಡಿಎಂ. ಅವನು ಊರು, ಕಾಡು, ರಾಕ್ಷಸರು ಎಲ್ಲ ಆಗ್ತಾನೆ. ಉಳಿದವರಿಗೆ ತಲಾ ಒಂದು ಪಾತ್ರ. ಪಾತ್ರದ ಶಕ್ತಿ, ಜಾಣತನ, ಆಯುಧ, ಎಷ್ಟು ಏಟು ತಡೆಯಬಲ್ಲ ಅನ್ನೋ ಹಿಟ್ ಪಾಯಿಂಟ್, ಎಲ್ಲ ಒಂದು ಹಾಳೆಯಲ್ಲಿ ಬರೆದಿರುತ್ತೆ. ಏನಾದ್ರೂ ಕಷ್ಟದ ಕೆಲಸ ಮಾಡೋಕೆ ಹೋದರೆ 20 ಮುಖದ ದಾಳ ಉರುಳಿಸಬೇಕು. ಜಾಸ್ತಿ ಬಿದ್ದರೆ ಆಯ್ತು, ಕಮ್ಮಿ ಬಿದ್ದರೆ ಕೆಟ್ಟಿತು.

ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅನ್ನೋ ಇಬ್ಬರು ಅಮೆರಿಕನ್ನರು 1974ರಲ್ಲಿ ಇದನ್ನು ಪ್ರಕಟಿಸಿದರು. ಆ ಮೊದಲ ಪುಸ್ತಕದಲ್ಲಿ ಒಂದು ಕ್ಯಾಂಪೇನ್‌ಗೆ 4ರಿಂದ 50 ಆಟಗಾರರು ಅಂತ ಬರೆದಿದೆ! ಈಗ ಹೆಚ್ಚಿನವರು ಆಡೋದು ಐದನೇ ಆವೃತ್ತಿ, 2014ರಲ್ಲಿ ಬಂದದ್ದು. ಇದರಲ್ಲಿ ಯುದ್ಧದ ಲೆಕ್ಕ ಎಲ್ಲ ಮೂರರಿಂದ ಐದು ಪಾತ್ರಗಳಿಗೆ ಹೊಂದಿಸಿದ್ದು. ಅಂದ್ರೆ ರೂಲ್ಸ್ ಒಳಗೆ ಒಂದು ನಂಬಿಕೆ ಕೂತಿದೆ: ನಿಮಗೆ ಕನಿಷ್ಠ ಮೂರು ನಾಲ್ಕು ಜನ ಫ್ರೆಂಡ್ಸ್ ಇದ್ದಾರೆ, ಮತ್ತು ಅವರು ಶನಿವಾರ ಫ್ರೀ ಇರ್ತಾರೆ ಅಂತ.

ನಮ್ಮ ಕಥೆ

ಫಸ್ಟ್ ಇಯರ್‌ನಲ್ಲಿ ನಮಗೆ ಆ ನಾಲ್ಕು ಜನ ಇದ್ದರು. ಹಾಸ್ಟೆಲ್‌ನ ನಮ್ಮ ರೂಮಲ್ಲೇ ಆಟ. ನಾನು ಡಿಎಂ. ನನ್ನ ರೂಮ್‌ಮೇಟ್ ಫೈಟರ್, ಪಾತ್ರದ ಹೆಸರು ಬಂಡೆ. ಪಕ್ಕದ ರೂಮಿನವನು ಗಾಯ ವಾಸಿ ಮಾಡೋ ಕ್ಲೆರಿಕ್, ಹೆಸರು ಅಜ್ಜಯ್ಯ. ಇನ್ನೊಬ್ಬ ವಿಝರ್ಡ್, ಮೋಡ. ಮತ್ತೆ ಬೀಗ ಮುರಿಯೋ ಕಳ್ಳ, ಅಂದ್ರೆ ರೋಗ್, ಅವನ ಹೆಸರು ಜಿರಳೆ. ನಿಜವಾದ ಹೆಸರು ಹಾಕಿದ್ರೆ ಬೈತಾರೆ, ಹಾಗಾಗಿ ಇಲ್ಲೂ ಅದೇ ಹೆಸರಲ್ಲಿ ಕರೀತೀನಿ.

ಸೆಕೆಂಡ್ ಇಯರ್ ಬಂತು. ಜಿರಳೆ ಬೇರೆ ಊರಿನ ಕಾಲೇಜಿಗೆ ಹೋದ. ಮೋಡ ಹಾಸ್ಟೆಲ್ ಬಿಟ್ಟು ದಿನಾ ಊರಿಂದ ಬಸ್ಸಲ್ಲಿ ಓಡಾಡೋಕೆ ಶುರು ಮಾಡಿದ, ರಾತ್ರಿ ಆಟಕ್ಕೆ ಸಿಗಲ್ಲ. ಉಳಿದಿದ್ದು ಬಂಡೆ ಮತ್ತು ಅಜ್ಜಯ್ಯ. ಪರವಾಗಿಲ್ಲ ಅಂತ ಹೊಸ ಕಥೆ ಶುರು ಮಾಡಿದ್ವಿ, ಅದೇ ಹೆಸರುಗಳು, ಮತ್ತೆ ಲೆವೆಲ್ 1ರಿಂದ. ಐದನೇ ಆವೃತ್ತಿಯ ಸ್ಟಾರ್ಟರ್ ಸೆಟ್‌ನಲ್ಲಿ ಬರೋ 'ಲಾಸ್ಟ್ ಮೈನ್ ಆಫ್ ಫ್ಯಾಂಡೆಲ್ವರ್' ಅನ್ನೋ ಕಥೆ ಅದು. ಅದರ ಮೊದಲ ದೃಶ್ಯದಲ್ಲೇ ದಾರಿಯಲ್ಲಿ ನಾಲ್ಕು ಗಾಬ್ಲಿನ್‌ಗಳು ಹೊಂಚು ಹಾಕಿರುತ್ತವೆ. ಕಥೆ ನಾಲ್ಕೈದು ಪಾತ್ರಗಳಿಗೆ ಅಂತ ಬರೆದದ್ದು. ನಾನು ಒಂದಕ್ಷರ ಬದಲಾಯಿಸದೆ ಹಾಗೇ ಆಡಿಸಿದೆ.

ಮೊದಲ ರೌಂಡ್‌ನಲ್ಲೇ ಅಜ್ಜಯ್ಯ ಬಿದ್ದ. ಮೂರನೇ ರೌಂಡ್‌ನಲ್ಲಿ ಬಂಡೆ. ನಾನು ಇಬ್ಬರೂ ಸತ್ತರು ಅಂದೆ. ಪಾತ್ರ ಬರೆಯೋಕೆ ಒಂದೂವರೆ ಗಂಟೆ ತಗೊಂಡಿದ್ವಿ, ಸಾಯೋಕೆ ಇಪ್ಪತ್ತು ನಿಮಿಷ ಸಾಕಾಯ್ತು. ರೂಮ್‌ಮೇಟ್ ಹಾಳೆ ಮಡಚಿ ಪುಸ್ತಕದೊಳಗೆ ಇಟ್ಟು, "ಬಿಡು ಮಗಾ, ಇದು ನಾಲ್ಕು ಜನದ ಆಟ" ಅಂದ.

ಮುಂದಿನ ಶನಿವಾರ ಅವನು ಆಡೋಕೆ ಕೂರಲಿಲ್ಲ, ಗೋಡೆ ಕಡೆ ತಿರುಗಿ ಮೊಬೈಲ್ ನೋಡ್ತಾ ಮಲಗಿದ. ಇದು ನನಗೆ ಯಾಕೆ ಮುಖ್ಯ ಅಂದ್ರೆ, ಅವನಿಗೆ ಆಗ ಮ್ಯಾಥ್ಸ್ ಬ್ಯಾಕ್ ಇತ್ತು. ಮನೆಯಿಂದ ಫೋನ್ ಬಂದ್ರೆ ಎತ್ತುತ್ತಿರಲಿಲ್ಲ. ವಾರವೆಲ್ಲ "ಹ್ಞೂಂ", "ಇಲ್ಲ" ಬಿಟ್ಟು ಮಾತಿಲ್ಲ. ಶನಿವಾರ ರಾತ್ರಿ ಮಾತ್ರ ಬಂಡೆ ಆಗಿ ಕೂತಾಗ ಜೋರಾಗಿ ನಗ್ತಾ ಇದ್ದ. ಅದನ್ನೂ ನಾನು ಇಪ್ಪತ್ತು ನಿಮಿಷದಲ್ಲಿ ಮುಗಿಸಿಬಿಟ್ಟೆ ಅನಿಸ್ತು. ಹಾಗಾಗಿ ಕೂತು ಲೆಕ್ಕ ಹಾಕಿದೆ: ನಾಲ್ಕು ಜನ ಇಬ್ಬರಾದಾಗ ನಿಜವಾಗಿ ಏನು ಕಮ್ಮಿ ಆಗುತ್ತೆ?

ನನಗೆ ಸಿಕ್ಕಿದ್ದು ಮೂರು ವಿಷಯ. ಸರದಿ ಕಮ್ಮಿ ಆಗುತ್ತೆ. ಕೆಲಸ ಬಲ್ಲವರು ಕಮ್ಮಿ ಆಗ್ತಾರೆ. ಬಿದ್ದಾಗ ಎತ್ತುವವರು ಕಮ್ಮಿ ಆಗ್ತಾರೆ. ಮೂರೂ ಬೇರೆ ಬೇರೆ ಸಮಸ್ಯೆ, ಮೂರಕ್ಕೂ ಬೇರೆ ಬೇರೆ ಔಷಧ.

ಒಂದು: ಸರದಿಯ ಲೆಕ್ಕ

ಯುದ್ಧದಲ್ಲಿ ಪ್ರತಿ ರೌಂಡ್‌ಗೆ ಪ್ರತಿಯೊಬ್ಬರಿಗೂ ಒಂದು ಟರ್ನ್. ನಾಲ್ವರಿದ್ದರೆ ನಾಲ್ಕು ಏಟು, ಇಬ್ಬರಿದ್ದರೆ ಎರಡು. ಗಾಬ್ಲಿನ್‌ಗಳದ್ದು ಯಾವಾಗಲೂ ನಾಲ್ಕು. ಹಾಗಾದ್ರೆ ಇಬ್ಬರ ಬಲ ನಾಲ್ವರ ಅರ್ಧ ಅಂತ ನಮಗೆ ಅನಿಸುತ್ತೆ. ಅದು ತಪ್ಪು. ನಿಜವಾಗಿ ಕಾಲು ಭಾಗ.

ಇದನ್ನು ಹೇಳಿದವರು ನಮ್ಮ ಥರ ಒಬ್ಬ ಇಂಜಿನಿಯರ್. ಫ್ರೆಡರಿಕ್ ಲ್ಯಾಂಚೆಸ್ಟರ್ ಅಂತ, ಇಂಗ್ಲೆಂಡ್‌ನಲ್ಲಿ ಕಾರು ತಯಾರಿಸುತ್ತಿದ್ದವರು. ಮೊದಲ ಮಹಾಯುದ್ಧದ ಸಮಯದಲ್ಲಿ ವಿಮಾನ ಯುದ್ಧದ ಬಗ್ಗೆ ಬರೆಯುತ್ತಾ ಈ ಲೆಕ್ಕ ಕೊಟ್ಟರು, 1916ರಲ್ಲಿ ಅದು ಪುಸ್ತಕವಾಗಿ ಬಂತು. ಎಲ್ಲರೂ ಎಲ್ಲರಿಗೂ ಹೊಡೆಯಬಹುದಾದ ಯುದ್ಧದಲ್ಲಿ ಒಂದು ಪಡೆಯ ಬಲ ಅಂದ್ರೆ ಒಬ್ಬೊಬ್ಬನ ಗುಣಮಟ್ಟ ಗುಣಿಸು ಸಂಖ್ಯೆಯ ವರ್ಗ. ಯಾಕೆ ವರ್ಗ? ಜನ ಜಾಸ್ತಿ ಇದ್ದರೆ ಎರಡು ಲಾಭ ಒಟ್ಟಿಗೆ: ಏಟು ಜಾಸ್ತಿ ಹೊಡೀತೀವಿ, ಮತ್ತು ಬರೋ ಏಟು ಜಾಸ್ತಿ ಜನಕ್ಕೆ ಹಂಚಿಹೋಗುತ್ತೆ.

ಈಗ ನಮ್ಮ ಗಾಬ್ಲಿನ್‌ಗೆ ಹಾಕಿ ನೋಡೋಣ. ಗಾಬ್ಲಿನ್‌ಗೆ 7 ಹಿಟ್ ಪಾಯಿಂಟ್, ರಕ್ಷಣೆ 15. ಅದು ದಾಳಕ್ಕೆ 4 ಸೇರಿಸಿ ಹೊಡೆಯುತ್ತೆ, ತಗುಲಿದರೆ ಸರಾಸರಿ 5.5 ಹೋಗುತ್ತೆ. ಬಂಡೆಗೆ 12 ಹಿಟ್ ಪಾಯಿಂಟ್, ರಕ್ಷಣೆ 16. ಅವನು 5 ಸೇರಿಸಿ ಹೊಡೀತಾನೆ, ಕತ್ತಿ ತಗುಲಿದರೆ ಸರಾಸರಿ 7.5.

ಬಂಡೆಯ ಏಟು ತಗುಲೋದು 55% ಸಲ, ಅಂದ್ರೆ ಟರ್ನ್‌ಗೆ ಸರಾಸರಿ 4.1. ಗಾಬ್ಲಿನ್‌ನ ಏಟು ತಗುಲೋದು 45% ಸಲ, ಟರ್ನ್‌ಗೆ ಸರಾಸರಿ 2.5. ಏಟಿನಲ್ಲೂ ತಡೆಯೋದ್ರಲ್ಲೂ ಸೇರಿ ಒಬ್ಬ ಬಂಡೆ ಸುಮಾರು 2.9 ಗಾಬ್ಲಿನ್‌ಗೆ ಸಮ. ನಾಲ್ವರೂ ಬಂಡೆ ಥರದವರೇ ಅಂತ ಇಟ್ಟುಕೊಂಡರೆ:

- ನಾಲ್ಕು ಗಾಬ್ಲಿನ್‌ಗಳ ಬಲ: 4 × 4 = 16
- ನಾಲ್ಕು ಹೀರೋಗಳ ಬಲ: 2.9 × 16 = ಸುಮಾರು 46
- ಇಬ್ಬರು ಹೀರೋಗಳ ಬಲ: 2.9 × 4 = ಸುಮಾರು 11

46 ಮತ್ತು 16 ಅಂದ್ರೆ ಆರಾಮಾಗಿ ಗೆಲ್ತಾರೆ. 11 ಮತ್ತು 16 ಅಂದ್ರೆ ಸಾಯ್ತಾರೆ. ನಮ್ಮವರು ಸತ್ತಿದ್ದು ದಾಳದ ದುರಾದೃಷ್ಟದಿಂದ ಅಂತ ಅಂದುಕೊಂಡಿದ್ವಿ. ಅಲ್ಲ, ಲೆಕ್ಕದ ಪ್ರಕಾರವೇ ಸತ್ತಿದ್ದಾರೆ.

ಪುಸ್ತಕದಲ್ಲೂ ಇದಕ್ಕೆ ಒಂದು ಲೆಕ್ಕ ಇದೆ, ನಾನು ಗಮನಿಸಿರಲಿಲ್ಲ. 2014ರ ಡಂಜನ್ ಮಾಸ್ಟರ್ಸ್ ಗೈಡ್‌ನಲ್ಲಿ ಪ್ರತಿ ರಾಕ್ಷಸನಿಗೂ ಎಕ್ಸ್‌ಪಿ ಅಂಕ ಇದೆ, ಗಾಬ್ಲಿನ್‌ಗೆ 50. ರಾಕ್ಷಸರ ಸಂಖ್ಯೆ ಹೆಚ್ಚಾದಂತೆ ಒಟ್ಟು ಅಂಕವನ್ನು ಗುಣಿಸಬೇಕು: ಒಂದಕ್ಕೆ 1, ಎರಡಕ್ಕೆ 1.5, ಮೂರರಿಂದ ಆರಕ್ಕೆ 2, ಏಳರಿಂದ ಹತ್ತಕ್ಕೆ 2.5. ಹೀರೋಗಳು ಮೂವರಿಗಿಂತ ಕಮ್ಮಿ ಇದ್ದರೆ ಮುಂದಿನ ಮೆಟ್ಟಿಲಿನ ಗುಣಕ ತಗೋಬೇಕು. ಲೆವೆಲ್ 1ರ ಒಬ್ಬ ಹೀರೋಗೆ 100 ಅಂಕ ಅಂದ್ರೆ 'ಡೆಡ್ಲಿ', ಪ್ರಾಣಕ್ಕೆ ಅಪಾಯ.

ನಾಲ್ವರಿಗೆ ನಾಲ್ಕು ಗಾಬ್ಲಿನ್: 200 × 2 = 400, ಡೆಡ್ಲಿ ಗೆರೆಯೂ 400. ಅಂದ್ರೆ ಪೂರ್ತಿ ತಂಡಕ್ಕೂ ಇದು ಸುಲಭದ ಜಗಳ ಅಲ್ಲ. ಇಬ್ಬರಿಗೆ ನಾಲ್ಕು ಗಾಬ್ಲಿನ್: 200 × 2.5 = 500, ಡೆಡ್ಲಿ ಗೆರೆ 200. ಎರಡೂವರೆ ಪಟ್ಟು! ಇಬ್ಬರಿಗೆ ಎರಡು ಗಾಬ್ಲಿನ್: 100 × 2 = 200, ಗೆರೆ 200. ಮೂಲ ಕಥೆಯಲ್ಲಿ ಎಷ್ಟು ಕಷ್ಟ ಇತ್ತೋ ಅಷ್ಟೇ.

ಹಾಗಾದ್ರೆ ಸರದಿ ಕಮ್ಮಿ ಆಗಿದ್ದಕ್ಕೆ ಏನು ಮಾಡಬಹುದು?

ಮೊದಲನೆಯದು, ಶತ್ರುಗಳ ಸಂಖ್ಯೆ ಕಮ್ಮಿ ಮಾಡಿ. ಶತ್ರುವಿನ ಹಿಟ್ ಪಾಯಿಂಟ್ ಕಮ್ಮಿ ಮಾಡೋದಕ್ಕಿಂತ ತಲೆ ಕಮ್ಮಿ ಮಾಡೋದು ಹೆಚ್ಚು ಕೆಲಸ ಮಾಡುತ್ತೆ, ಯಾಕಂದ್ರೆ ಸಂಖ್ಯೆ ವರ್ಗ ಆಗುತ್ತೆ.

ಎರಡನೆಯದು ನನಗೆ ತುಂಬಾ ಇಷ್ಟ ಆಗಿದ್ದು. ನಾಲ್ಕು ಗಾಬ್ಲಿನ್ ಬೇಕೇ ಬೇಕು ಅಂದ್ರೆ ಎರಡೆರಡಾಗಿ ಕಳಿಸಿ. ಮೊದಲು ಎರಡು, ಅವು ಸತ್ತ ಮೇಲೆ ಪೊದೆಯಿಂದ ಇನ್ನೆರಡು. ಒಟ್ಟಿಗೆ ಬಂದರೆ 16. ಎರಡೆರಡಾಗಿ ಬಂದರೆ 4 + 4 = 8. ಗಾಬ್ಲಿನ್ ಅಷ್ಟೇ, ಕಥೆ ಅದೇ, ಬಲ ಮಾತ್ರ ಅರ್ಧ. ಇಬ್ಬರು ಹೀರೋಗಳ 11 ಈಗ ಸಾಕು.

ಮೂರನೆಯದು, ಲೆವೆಲ್ 3ರಿಂದ ಶುರು ಮಾಡಿ. ಬಂಡೆಯ ಹಿಟ್ ಪಾಯಿಂಟ್ 12ರಿಂದ 28 ಆಗುತ್ತೆ, ಇಬ್ಬರ ಬಲ 11ರಿಂದ ಸುಮಾರು 27ಕ್ಕೆ ಏರುತ್ತೆ. ಪುಸ್ತಕದ ಲೆಕ್ಕದಲ್ಲೂ ಅದೇ ನಾಲ್ಕು ಗಾಬ್ಲಿನ್ ಡೆಡ್ಲಿಯಿಂದ 'ಹಾರ್ಡ್'ಗೆ ಇಳಿಯುತ್ತೆ. ಆದರೆ ಹೊಸದಾಗಿ ಆಡೋರಿಗೆ ಇದು ಬೇಡ, ಹಾಳೆಯಲ್ಲಿ ಓದೋಕೆ ತುಂಬಾ ಇರುತ್ತೆ.

ಇನ್ನೊಂದು ಎಚ್ಚರಿಕೆ. ಈ ಆಟದಲ್ಲಿ ನಿದ್ದೆ ಬರಿಸೋದು, ಕೈಕಾಲು ಕಟ್ಟಿಹಾಕೋದು, ಇಂಥ ಮಂತ್ರಗಳು ತುಂಬಾ ಇವೆ. ನಾಲ್ವರಲ್ಲಿ ಒಬ್ಬನಿಗೆ ತಗುಲಿದರೆ ತಮಾಷೆ. ಇಬ್ಬರಲ್ಲಿ ಒಬ್ಬನಿಗೆ ತಗುಲಿದರೆ ಅರ್ಧ ಪಡೆ ಹೋಯ್ತು, ಮತ್ತೆ ಆ ಆಟಗಾರ ಹದಿನೈದು ನಿಮಿಷ ಸುಮ್ಮನೆ ಕೂರಬೇಕು. ನಾನು ಈಗ ಅವನಿಗೆ ಆಯ್ಕೆ ಕೊಡ್ತೀನಿ: ಟರ್ನ್ ಕಳ್ಕೋತೀಯಾ, ಇಲ್ಲ 5 ಹಿಟ್ ಪಾಯಿಂಟ್ ಕೊಟ್ಟು ಬಿಡಿಸಿಕೊಳ್ತೀಯಾ?

ಎರಡು: ಕೆಲಸ ಬಲ್ಲವರು

ಜಿರಳೆ ಇಲ್ಲ ಅಂದ್ರೆ ಬೀಗ ಮುರಿಯೋರು ಯಾರು? ಮೋಡ ಇಲ್ಲ ಅಂದ್ರೆ ಹಳೇ ಲಿಪಿ ಓದೋರು ಯಾರು? ಈ ಕೊರತೆಗೆ ಹಳೇ ಔಷಧ ಒಂದಿದೆ. 2004ರಲ್ಲಿ ಬಂದ 'ಅನ್‌ಅರ್ಥ್ಡ್ ಅರ್ಕಾನಾ' ಪುಸ್ತಕದಲ್ಲಿ ಗೆಸ್ಟಾಲ್ಟ್ ಅನ್ನೋ ನಿಯಮ. ಅದು 3.5ನೇ ಆವೃತ್ತಿಯದ್ದು, ಆದರೆ ಯೋಚನೆಯನ್ನು ಎಲ್ಲಿ ಬೇಕಾದ್ರೂ ಬಳಸಬಹುದು. ಒಬ್ಬ ಪಾತ್ರಕ್ಕೆ ಪ್ರತಿ ಲೆವೆಲ್‌ನಲ್ಲೂ ಎರಡು ಕ್ಲಾಸ್. ಹಿಟ್ ಪಾಯಿಂಟ್‌ನ ದಾಳ ಎರಡರಲ್ಲಿ ಯಾವುದು ದೊಡ್ಡದೋ ಅದು, ಎರಡೂ ಕೂಡಿಸಂಗಿಲ್ಲ. ವಿದ್ಯೆಗಳು ಮಾತ್ರ ಎರಡೂ ಕಡೆಯದ್ದು. ಬಂಡೆ ಫೈಟರೂ ಹೌದು, ರೋಗೂ ಹೌದು.

ಕೇಳೋಕೆ ಚೆನ್ನಾಗಿದೆ. ಆದರೆ ಮೇಲಿನ ಲೆಕ್ಕ ನೆನಪಿಸಿಕೊಳ್ಳಿ. ಗೆಸ್ಟಾಲ್ಟ್ ಪಾತ್ರಕ್ಕೂ ರೌಂಡ್‌ಗೆ ಒಂದೇ ಟರ್ನ್. ಅವನಿಗೆ ಹತ್ತು ವಿದ್ಯೆ ಗೊತ್ತಿರಬಹುದು, ಒಂದು ಸಲಕ್ಕೆ ಒಂದನ್ನೇ ಮಾಡಬೇಕು. ಅಂದ್ರೆ ಇದು ಎರಡನೇ ಸಮಸ್ಯೆಗೆ ಔಷಧ, ಮೊದಲನೆಯದಕ್ಕೆ ಅಲ್ಲ. ಆಟ ಚೆನ್ನಾಗಿ ಗೊತ್ತಿರುವ ಇಬ್ಬರಿಗೆ ಇದು ಒಳ್ಳೆಯದು. ನಮ್ಮ ಅಜ್ಜಯ್ಯನಿಗೆ ಒಂದೇ ಹಾಳೆ ನೋಡಿ ತಲೆ ಕೆಡ್ತಿತ್ತು, ಎರಡು ಕ್ಲಾಸ್ ಕೊಟ್ಟಿದ್ರೆ ಓಡಿಹೋಗ್ತಿದ್ದ.

ನಮಗೆ ಸರಿಹೋದದ್ದು ಸೈಡ್‌ಕಿಕ್ ನಿಯಮ, ಅಂದ್ರೆ ಜೊತೆಗಾರ. ಗಲ್ಲಿ ಕ್ರಿಕೆಟ್‌ನ ಜೋಕರ್ ಥರ. 2019ರ ಎಸೆನ್ಷಿಯಲ್ಸ್ ಕಿಟ್‌ನಲ್ಲಿ ಇದು ಬಂತು, ಅದನ್ನು ಒಬ್ಬ ಡಿಎಂ ಮತ್ತು ಒಬ್ಬನೇ ಆಟಗಾರ ಕೂಡ ಆಡೋ ಹಾಗೆ ಮಾಡಿದ್ದರು. ಆಮೇಲೆ 2020ರ 'ತಾಶಾಸ್ ಕಾಲ್ಡ್ರನ್ ಆಫ್ ಎವ್ರಿಥಿಂಗ್'ನಲ್ಲಿ ಪೂರ್ತಿ ರೂಪ ಸಿಕ್ಕಿತು. ಚಾಲೆಂಜ್ ರೇಟಿಂಗ್ ಅರ್ಧ ಅಥವಾ ಅದಕ್ಕಿಂತ ಕಮ್ಮಿ ಇರೋ ಯಾವುದೇ ಜೀವಿ ತಗೊಳ್ಳಿ. ಅದಕ್ಕೆ ಮೂರರಲ್ಲಿ ಒಂದು ಕೆಲಸ ಕೊಡಿ:

- ಎಕ್ಸ್‌ಪರ್ಟ್: ಕೈಚಳಕದವನು. ತನ್ನ ಮುಖ್ಯ ಕೆಲಸದ ಜೊತೆಗೆ ಇನ್ನೊಬ್ಬರಿಗೆ ಸಹಾಯವನ್ನೂ ಅದೇ ಟರ್ನ್‌ನಲ್ಲಿ ಮಾಡಬಲ್ಲ.
- ಸ್ಪೆಲ್‌ಕಾಸ್ಟರ್: ಮಂತ್ರದವನು. ಹೀಲರ್ ಅಂತ ಆರಿಸಿಕೊಂಡರೆ ಗಾಯ ವಾಸಿ ಮಾಡೋ ಮಂತ್ರ ಕಲೀತಾನೆ.
- ವಾರಿಯರ್: ಕಾದಾಡುವವನು. ಚೆನ್ನಾಗಿ ಹೊಡೆಯೋ ಥರ ಅಥವಾ ಇನ್ನೊಬ್ಬರಿಗೆ ಬೀಳೋ ಏಟು ತಪ್ಪಿಸೋ ಥರ, ಯಾವುದಾದ್ರೂ ಒಂದು.

ತಂಡದ ಸರಾಸರಿ ಲೆವೆಲ್ ಏರಿದಾಗ ಜೊತೆಗಾರನೂ ಏರ್ತಾನೆ. ಹಾಳೆ ಚಿಕ್ಕದು, ಹಾಗಾಗಿ ಆಟಗಾರನೇ ತನ್ನ ಪಾತ್ರದ ಜೊತೆಗೆ ಅವನನ್ನೂ ನಡೆಸಬಹುದು. ಒಂದೇ ಏಟಿಗೆ ಎರಡು ಸಮಸ್ಯೆ ಕಮ್ಮಿ ಆಗುತ್ತೆ: ಗೊತ್ತಿಲ್ಲದ ಕೆಲಸಕ್ಕೆ ಜನ ಸಿಕ್ಕಿದ, ಸರದಿಯೂ ಒಂದು ಹೆಚ್ಚಾಯ್ತು.

ಇಲ್ಲಿ ನಾನು ಮಾಡಿದ ತಪ್ಪು ನೀವು ಮಾಡಬೇಡಿ. ಮೊದಲ ವಾರ ಜೊತೆಗಾರನನ್ನು ನಾನೇ ಆಡಿಸಿದೆ. ಆಮೇಲೆ ನೋಡಿದರೆ ಗಾಬ್ಲಿನ್ ನಾನೇ, ಗಾಬ್ಲಿನ್‌ಗೆ ಹೊಡೆಯೋನೂ ನಾನೇ. ನಾನು ನನ್ನ ಜೊತೆಗೇ ಮಾತಾಡ್ತಾ ಇದ್ದೆ, ಅವರಿಬ್ಬರು ಸುಮ್ಮನೆ ನೋಡ್ತಾ ಇದ್ದರು. ಜೊತೆಗಾರ ಯಾವಾಗಲೂ ಆಟಗಾರರ ಕೈಯಲ್ಲಿರಲಿ. ಒಗಟು ಬಂದಾಗ ಉತ್ತರ ಅವನ ಬಾಯಿಂದ ಬರದೇ ಇರಲಿ.

ಇನ್ನೊಂದು ಸುಲಭದ ದಾರಿ, ಪಾತ್ರ ಮುಟ್ಟದೆ ಕಥೆಯನ್ನೇ ಸ್ವಲ್ಪ ಬದಲಾಯಿಸೋದು. ಬೀಗ ಮುರಿಯೋರು ಇಲ್ಲ ಅಂದ್ರೆ ಮುಂದೆ ಹೋಗೋ ಒಂದೇ ದಾರಿಗೆ ಬೀಗ ಹಾಕಬೇಡಿ. ಬೀಗದ ಹಿಂದೆ ಹೆಚ್ಚುವರಿ ನಿಧಿ ಇಡಿ, ಸಿಕ್ಕಿದ್ರೆ ಲಾಭ, ಇಲ್ಲದಿದ್ರೂ ಕಥೆ ನಿಲ್ಲಲ್ಲ.

ಮೂರು: ಬಿದ್ದಾಗ ಎತ್ತುವವರು

ಇದನ್ನು ನಾನು ಕೊನೆಗೆ ಅರ್ಥ ಮಾಡಿಕೊಂಡೆ, ಆದರೆ ಇದೇ ಮೊದಲು ಬರಬೇಕಿತ್ತು.

ಐದನೇ ಆವೃತ್ತಿಯಲ್ಲಿ ಹಿಟ್ ಪಾಯಿಂಟ್ ಸೊನ್ನೆ ಆದ್ರೆ ಪಾತ್ರ ತಕ್ಷಣ ಸಾಯಲ್ಲ, ಪ್ರಜ್ಞೆ ತಪ್ಪುತ್ತೆ. ಪ್ರತಿ ಟರ್ನ್‌ಗೆ 20 ಮುಖದ ದಾಳ ಹಾಕಬೇಕು. 10 ಅಥವಾ ಮೇಲೆ ಬಿದ್ದರೆ ಒಂದು ಗೆಲುವು, ಕೆಳಗೆ ಬಿದ್ದರೆ ಒಂದು ಸೋಲು. ಮೂರು ಗೆಲುವಾದ್ರೆ ಉಳಿದ, ಮೂರು ಸೋಲಾದ್ರೆ ಸತ್ತ. 20 ಬಿದ್ದರೆ ಎದ್ದೇ ಕೂರ್ತಾನೆ, 1 ಬಿದ್ದರೆ ಎರಡು ಸೋಲು. ಯಾರೂ ಸಹಾಯ ಮಾಡದಿದ್ದರೆ ಉಳಿಯೋ ಸಾಧ್ಯತೆ ಸುಮಾರು 60%. ಬಿದ್ದವನ ಪಕ್ಕದಲ್ಲೇ ನಿಂತು ಶತ್ರು ಒಂದು ಏಟು ಹಾಕಿದರೆ ಅದು ಎರಡು ಸೋಲಿಗೆ ಸಮ.

ನಾಲ್ವರಿದ್ದಾಗ ಈ ನಿಯಮ ಸಿನಿಮಾ ಥರ ಇರುತ್ತೆ. ಒಬ್ಬ ಬೀಳ್ತಾನೆ, ಇನ್ನೊಬ್ಬ ಓಡಿಬಂದು ಔಷಧ ಕುಡಿಸ್ತಾನೆ, ಮತ್ತಿಬ್ಬರು ಅಡ್ಡ ನಿಲ್ತಾರೆ. ಇಬ್ಬರಿದ್ದಾಗ ಒಬ್ಬ ಬಿದ್ದರೆ ಉಳಿದವನಿಗೆ ಎತ್ತಬೇಕಾ ಹೊಡೆಯಬೇಕಾ ಗೊತ್ತಾಗಲ್ಲ. ಎತ್ತುವವನೇ ಮೊದಲು ಬಿದ್ದರೆ ಕಥೆ ಮುಗೀತು, ನಮ್ಮ ಅಜ್ಜಯ್ಯನಿಗೆ ಆದ ಹಾಗೆ.

ಔಷಧ ಸರಳ: ಬೀಳೋದನ್ನು ಸಾಯೋದರಿಂದ ಬೇರೆ ಮಾಡಿ. ಹೊಸ ನಿಯಮ ಕೂಡ ಬೇಕಿಲ್ಲ. ಹತ್ತಿರದಿಂದ ಹೊಡೆದು ಸೊನ್ನೆಗೆ ಇಳಿಸಿದವರು ಕೊಲ್ಲುವ ಬದಲು ಪ್ರಜ್ಞೆ ತಪ್ಪಿಸಬಹುದು ಅಂತ ರೂಲ್‌ಬುಕ್‌ನಲ್ಲೇ ಇದೆ. ಅದು ಹೀರೋಗಳಿಗೆ ಮಾತ್ರ ಅಂತ ನಾನು ಅಂದುಕೊಂಡಿದ್ದೆ, ಶತ್ರುಗಳಿಗೂ ಅನ್ವಯಿಸುತ್ತೆ. ಸೋತರೆ ಬೆಲೆ ಕೊಡಬೇಕು, ಆದರೆ ಆ ಬೆಲೆ ಯಾವಾಗಲೂ ಪ್ರಾಣವೇ ಆಗಬೇಕಿಲ್ಲ. ದುಡ್ಡು ಹೋಗಬಹುದು, ಕತ್ತಿ ಹೋಗಬಹುದು, ಕಟ್ಟಿಹಾಕಿದ ಗುಹೆಯಲ್ಲಿ ಎಚ್ಚರ ಆಗಬಹುದು. ಜೊತೆಗೆ ಶುರುವಿನಲ್ಲೇ ತಲಾ ಎರಡು ಔಷಧದ ಶೀಷೆ ಕೊಡಿ. ಅಂಗಡಿಯಲ್ಲಿ ಒಂದಕ್ಕೆ 50 ಚಿನ್ನದ ನಾಣ್ಯ, ಕುಡಿದರೆ ಸರಾಸರಿ 7 ಹಿಟ್ ಪಾಯಿಂಟ್ ವಾಪಸ್.

ಇದನ್ನೆಲ್ಲ ಬರೆದುಕೊಂಡ ಮೇಲೆ ಆ ಗಾಬ್ಲಿನ್ ದೃಶ್ಯವನ್ನು ಮತ್ತೆ ತೆಗೆದು ಓದಿದೆ. ಹೀರೋಗಳು ಸೋತರೆ ಗಾಬ್ಲಿನ್‌ಗಳು ಅವರನ್ನು ಪ್ರಜ್ಞೆ ತಪ್ಪಿದ ಹಾಗೇ ಬಿಟ್ಟು, ಸಾಮಾನು ದೋಚಿಕೊಂಡು ಹೋಗ್ತವೆ ಅಂತ ಅಲ್ಲೇ ಬರೆದಿತ್ತು. ನಾನು ಆ ಪ್ಯಾರಾ ಓದೇ ಇರಲಿಲ್ಲ. ಬಂಡೆ ಮತ್ತು ಅಜ್ಜಯ್ಯನನ್ನು ಕೊಂದಿದ್ದು ಗಾಬ್ಲಿನ್ ಅಲ್ಲ, ನಾನು.

ಒಬ್ಬನೇ ಇದ್ದರೆ?

ಇಂಟರ್ನಲ್ಸ್ ಟೈಮಲ್ಲಿ ಅಜ್ಜಯ್ಯ ಬರಲ್ಲ. ಆಗ ನಾನು ಮತ್ತು ಬಂಡೆ ಇಬ್ಬರೇ. ಇದಕ್ಕೆ ಕೆವಿನ್ ಕ್ರಾಫರ್ಡ್ ಬರೆದ 'ಸ್ಕಾರ್ಲೆಟ್ ಹೀರೋಸ್' ಅನ್ನೋ 2014ರ ಪುಸ್ತಕದಲ್ಲಿ ಒಂದು ಜಾಣ ಉಪಾಯ ಇದೆ. ಪಾತ್ರದ ಹಾಳೆ ಮುಟ್ಟಬೇಡಿ, ದಾಳ ಓದೋ ರೀತಿ ಬದಲಾಯಿಸಿ. ಡ್ಯಾಮೇಜ್ ದಾಳದಲ್ಲಿ 1 ಬಿದ್ದರೆ ಏನೂ ಇಲ್ಲ, 2ರಿಂದ 5 ಬಿದ್ದರೆ 1 ಪಾಯಿಂಟ್, 6ರಿಂದ 9 ಬಿದ್ದರೆ 2, 10 ಅಥವಾ ಮೇಲೆ ಬಿದ್ದರೆ 4. ಹೀರೋಗೆ ಬೀಳೋ ಏಟನ್ನು ಹೀಗೆ ಓದಿದರೆ ಅವನ 12 ಹಿಟ್ ಪಾಯಿಂಟ್ ತುಂಬಾ ಹೊತ್ತು ಬಾಳುತ್ತೆ. ಅವನು ಹೊಡೆಯೋ ಏಟಿನ ಒಂದೊಂದು ಪಾಯಿಂಟ್ ಮಾತ್ರ ಶತ್ರುವಿನ ಹಿಟ್ ಪಾಯಿಂಟ್ ಬದಲು ಒಂದೊಂದು ಹಿಟ್ ಡೈಸ್ ತೆಗೆಯುತ್ತೆ. ಅದರ ಜೊತೆ ಪ್ರತಿ ರೌಂಡ್ ಒಂದು ಫ್ರೇ ಡೈ, ಅಂದ್ರೆ ಸಣ್ಣ ಶತ್ರುಗಳಿಗೆ ತಾನಾಗಿ ಬೀಳೋ ಹೆಚ್ಚುವರಿ ಏಟು. ಲ್ಯಾಂಚೆಸ್ಟರ್ ಲೆಕ್ಕದಲ್ಲಿ ಹೇಳೋದಾದ್ರೆ ತಡೆಯೋ ಶಕ್ತಿ ಮತ್ತು ಹೊಡೆಯೋ ಶಕ್ತಿ ಎರಡನ್ನೂ ಒಟ್ಟಿಗೆ ಏರಿಸಿದ್ದಾರೆ. ಒಬ್ಬ ನಾಲ್ವರ ಹಾಗೆ ಆಗೋದು ಹೀಗೆ.

ಡಿಎಂ ಕೂಡ ಇಲ್ಲ ಅಂದ್ರೂ ದಾರಿ ಇದೆ. 'ಟನಲ್ಸ್ ಅಂಡ್ ಟ್ರೋಲ್ಸ್' ಅನ್ನೋ ಆಟಕ್ಕೆ 1976ರಲ್ಲೇ ಒಬ್ಬರೇ ಆಡೋ ಕಥೆ ಬಂದಿತ್ತು, ಹೆಸರು 'ಬಫಲೋ ಕ್ಯಾಸಲ್'. ಈಗಿನದ್ದು ಬೇಕಂದ್ರೆ ಶಾನ್ ಟಾಮ್ಕಿನ್ ಅವರ 'ಐರನ್‌ಸ್ವೋರ್ನ್', 2018ರದ್ದು, ಪಿಡಿಎಫ್ ಫ್ರೀ. ಡಿ ಅಂಡ್ ಡಿ ಐದನೇ ಆವೃತ್ತಿಯ ಮೂಲ ನಿಯಮಗಳೂ 2023ರಿಂದ ಕ್ರಿಯೇಟಿವ್ ಕಾಮನ್ಸ್‌ನಲ್ಲಿ ಉಚಿತ. ದಾಳ ಇಲ್ಲದಿದ್ರೆ ಮೊಬೈಲ್ ಆ್ಯಪ್ ಸಾಕು. ಖರ್ಚು ಸೊನ್ನೆ.

ಶನಿವಾರಕ್ಕೆ ಮುಂಚೆ ನಾನು ಕೇಳಿಕೊಳ್ಳೋ ಪ್ರಶ್ನೆಗಳು

- ನಮ್ಮ ಸರದಿ ಎಷ್ಟು, ಶತ್ರುಗಳದ್ದು ಎಷ್ಟು? ಅವರದ್ದು ಜಾಸ್ತಿ ಇದ್ದರೆ ತಲೆ ಕಮ್ಮಿ ಮಾಡು, ಇಲ್ಲ ಕಂತಿನಲ್ಲಿ ಕಳಿಸು.
- ಕಥೆ ಮುಂದೆ ಹೋಗೋಕೆ ಯಾರಿಗೂ ಬರದ ಕೆಲಸ ಯಾವುದಾದ್ರೂ ಬೇಕಾ? ಬೇಕಿದ್ದರೆ ಜೊತೆಗಾರನಿಗೆ ಕೊಡು, ಇಲ್ಲ ಆ ಬಾಗಿಲು ತೆಗೆದಿಡು.
- ಇಬ್ಬರೂ ಬಿದ್ದರೆ ಮುಂದಿನ ದೃಶ್ಯ ಏನು? ಉತ್ತರ ಇಲ್ಲದಿದ್ದರೆ ಆಟ ಶುರು ಮಾಡಬೇಡ.
- ಒಂದೂವರೆ ಗಂಟೆಗೆ ನಿಲ್ಲಿಸ್ತೀನಾ? ಇಬ್ಬರೇ ಇದ್ದಾಗ ಯಾರಿಗೂ ಸುಮ್ಮನೆ ಕೂರೋಕೆ ಬಿಡುವಿಲ್ಲ, ಬೇಗ ಸುಸ್ತಾಗುತ್ತೆ.

ಆಮೇಲೆ ಏನಾಯ್ತು

ಮೂರನೇ ಶನಿವಾರ ರೂಮ್‌ಮೇಟ್‌ಗೆ ಹೇಳಿದೆ: "ನೀವು ಸತ್ತಿಲ್ಲ ಕಣೋ. ನಾನು ಪುಸ್ತಕ ಸರಿಯಾಗಿ ಓದಿರಲಿಲ್ಲ. ರಸ್ತೆ ಪಕ್ಕ ಎಚ್ಚರ ಆಗಿದೆ, ಚಪ್ಪಲಿ ಕೂಡ ಇಲ್ಲ." ಅವನು ಎರಡು ನಿಮಿಷ ಸುಮ್ಮನಿದ್ದ. ಆಮೇಲೆ ಪುಸ್ತಕದೊಳಗಿಂದ ಆ ಮಡಚಿದ ಹಾಳೆ ತೆಗೆದು, "ಚಪ್ಪಲಿ ತಗೊಂಡು ಹೋದ ಗಾಬ್ಲಿನ್ ಯಾವುದು?" ಅಂತ ಕೇಳಿದ.

ಜೊತೆಗಾರ ಯಾರಾಗಬೇಕು ಅಂತ ಚರ್ಚೆ ಬಂದಾಗ ಅಜ್ಜಯ್ಯನೇ ಹೇಳಿದ, ಜಿರಳೆನೇ ಇರಲಿ ಅಂತ. ಬ್ಯಾಂಡಿಟ್ ಅನ್ನೋ ಸಾಧಾರಣ ಕಳ್ಳನ ಅಂಕಿಅಂಶ ತಗೊಂಡು, ಎಕ್ಸ್‌ಪರ್ಟ್ ಮಾಡಿ, ಆ ಹೆಸರಿಟ್ಟೆವು. ಬಂಡೆ ಅವನನ್ನೂ ನಡೆಸ್ತಿದ್ದ. ಜಿರಳೆ ಎಷ್ಟೋ ಸಲ ಬಿದ್ದ, ಪ್ರತಿ ಸಲವೂ ಇವರಿಬ್ಬರು ಗಾಬ್ಲಿನ್ ಬಿಟ್ಟು ಅವನ ಕಡೆ ಓಡಿದರು. ಲೆಕ್ಕದ ಪ್ರಕಾರ ಅದು ದಡ್ಡತನ. ನಾನು ಏನೂ ಹೇಳಲಿಲ್ಲ. ಮೋಡ ಪಕ್ಕದ ಊರಿನಲ್ಲಿ ಓದ್ತಾ ಇದ್ದಾನೆ ಅಂತ ಕಥೆಯಲ್ಲಿ ಇಟ್ಟಿದ್ದೀವಿ. ನಿಜವಾದ ಮೋಡ ಬಸ್ಸಲ್ಲಿ ಕೂತು ಅವನ ಪರವಾಗಿ ಪತ್ರ ಬರೆದು ವಾಟ್ಸಾಪ್ ಮಾಡ್ತಾನೆ.

ದಸರಾ ರಜೆ ಮುಗಿಸಿ ತನ್ನ ಕಾಲೇಜಿಗೆ ವಾಪಸ್ ಹೋಗುವಾಗ ಜಿರಳೆ ಒಂದು ರಾತ್ರಿ ನಮ್ಮ ರೂಮಲ್ಲಿ ಉಳಿದ. ಬಂಡೆ ಅವನ ಹಾಳೆಯನ್ನು ಅವನ ಮುಂದೆ ಇಟ್ಟ. ಲೆವೆಲ್ 3 ಆಗಿತ್ತು. ಸಾಮಾನಿನ ಪಟ್ಟಿಯಲ್ಲಿ ಹಗ್ಗ, ಬೀಗದ ಸಲಕರಣೆ, ಎರಡು ಶೀಷೆ ಔಷಧ. ಔಷಧದ ಪಕ್ಕ ಪೆನ್ಸಿಲ್‌ನಲ್ಲಿ 'ಇದು ಜಿರಳೆಗೆ ಮಾತ್ರ, ಯಾರೂ ಮುಟ್ಟಂಗಿಲ್ಲ' ಅಂತ ಬರೆದಿತ್ತು. ಅವನು ಓದಿ, "ಇಷ್ಟು ದಿನ ನನ್ನ ಸಾಯಿಸಿಲ್ವಾ?" ಅಂದ.

"ಜಿರಳೆ ಸಾಯುತ್ತೇನೋ?" ಅಂದ ಬಂಡೆ.

ಆವತ್ತು ಮೂವರು ಆಟಗಾರರಿದ್ದರು, ಹಾಗಾಗಿ ನಾನು ಒಂದು ಗಾಬ್ಲಿನ್ ಜಾಸ್ತಿ ಹಾಕಿದೆ.